ಅಕೇಶಿಯಾಕ್ಕೂ ಹಳುವಿಗೂ ಒಂದೇ ಕತ್ತಿ ಸಾಕೇ?

ಮಳೆಗಾಲ ಮುಗಿಯುವ ಹೊತ್ತಿಗೆ ತೋಟದ ಅಂಚು, ಬೇಲಿಸಾಲು, ಸೊಪ್ಪಿನ ಬೆಟ್ಟಕ್ಕೆ ಹೋಗುವ ದಾರಿ ಎಲ್ಲ ಹಳು ಬೆಳೆದು ಮುಚ್ಚಿಹೋಗಿರುತ್ತದೆ. ಪೇಟೆಯಿಂದ ಹೊಸ ಕತ್ತಿ ತಂದು ಕೆಲಸ ಶುರುಮಾಡುತ್ತೀರಿ. ಲಂಟಾನ, ಕಮ್ಯುನಿಸ್ಟ್ ಗಿಡ, ಕಾಡುಬಳ್ಳಿಗಳವರೆಗೆ ಚೆನ್ನಾಗಿಯೇ ಕಡಿಯುತ್ತದೆ. ಬೇಲಿಯ ಮೇಲೆ ಒರಗಿದ ಅಕೇಶಿಯಾ ಕೊಂಬೆಗೆ ನಾಲ್ಕು ಏಟು ಹಾಕಿ ನೋಡಿದರೆ ಬಾಯಿ ಮಡಚಿಕೊಂಡಿದೆ, ಇಲ್ಲವೇ ಅಕ್ಕಿಕಾಳಿನಷ್ಟು ಚೂರು ಹಾರಿಹೋಗಿದೆ. ಹಿಡಿಯೂ ಅಲ್ಲಾಡತೊಡಗಿದೆ. ಈಗಿನ ಕಬ್ಬಿಣವೇ ಸರಿಯಿಲ್ಲ ಎಂದು ಬೈದು ಇನ್ನೊಂದು ತಂದರೆ ಅದರದ್ದೂ ಅದೇ ಪಾಡು.

ಕಬ್ಬಿಣದ್ದೇ ತಪ್ಪು ಇರುವುದೂ ಉಂಟು. ಆದರೆ ಹೆಚ್ಚಿನ ಸಲ ಹಳು ಸವರುವ ಕತ್ತಿಯಲ್ಲಿ ಮರ ಕಡಿಯಲು ಹೊರಟಿರುತ್ತೇವೆ. ಆದ್ದರಿಂದ ಕೆಟ್ಟುಹೋದ ಕತ್ತಿಯನ್ನು ಗುಜರಿಗೆ ಹಾಕುವ ಮೊದಲು ಅದರ ಬಾಯಿಯನ್ನು ಬಿಸಿಲಿಗೆ ಹಿಡಿದು ನೋಡಿ. ಮುಂದಿನ ಕತ್ತಿ ಹೇಗಿರಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಅಂಗಡಿಯಲ್ಲಿ ಸಿಗುವುದಿಲ್ಲ.

ಮಲೆನಾಡು, ಕರಾವಳಿಯಲ್ಲಿ ಕತ್ತಿ, ಬಯಲುಸೀಮೆಯಲ್ಲಿ ಮಚ್ಚು. ಹೆಸರು, ಆಕಾರ ಊರಿಂದ ಊರಿಗೆ ಬದಲಾಗುತ್ತವೆ. ಹಾಗೆ ಬದಲಾಗುವುದಕ್ಕೆ ಕಾರಣ ಅಲ್ಲಿನ ಗಿಡಮರ. ಲ್ಯಾಟಿನ್ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿ ಬಳಸುವ ಮಚೆಟೆ ಉದ್ದ, ಆದರೆ ದಪ್ಪ ಬರೀ 2ರಿಂದ 3 ಮಿ.ಮೀ. ಕಬ್ಬು, ಹುಲ್ಲು, ಎಳೆ ಕಾಂಡಕ್ಕೆ ಅದು ಸಾಕು. ಗಟ್ಟಿ ಮರದ ನಡುವೆ ಬದುಕುವ ಕಡೆ ಇದು ತಿರುವುಮುರುವು: ನೇಪಾಳದ ಖುಕುರಿ, ಮಲೇಷ್ಯಾದ ಪರಾಂಗ್, ಕೊಡಗಿನ ಒಡಿಕತ್ತಿ, ಮೂರೂ ಅದಕ್ಕಿಂತ ಗಿಡ್ಡ, ಬೆನ್ನು ದಪ್ಪ, ಭಾರವೆಲ್ಲ ಮುಂದಕ್ಕೆ. ಈಗ ಆನ್‌ಲೈನ್‌ನಲ್ಲಿ ಸಿಗುವ ತೆಳು ಮಚೆಟೆಯನ್ನು ತರಿಸಿ ಜಾಲಿಮರಕ್ಕೆ ಹೊಡೆದವರು ಅದು ಕಂಪಿಸುತ್ತ ಹಿಂದಕ್ಕೆ ಚಿಮ್ಮುತ್ತದೆ ಎಂದು ದೂರುತ್ತಾರೆ. ಅದು ಕಬ್ಬಿಗೆ ಹುಟ್ಟಿದ ಕತ್ತಿ.

ಗಡಸಾದರಷ್ಟೇ ಸಾಲದು

ಬಾಳಿಕೆ ಎಂದರೆ ಗಡಸು ಎಂದು ನಂಬಿದವರೇ ಹೆಚ್ಚು. ಕತ್ತಿಯ ಬಾಯಿ ಎರಡು ಬಗೆಯ ಪೆಟ್ಟು ತಾಳಬೇಕು. ಮರದೊಳಗೆ ಇಳಿಯುವಾಗ ಮೊಂಡಾಗಬಾರದು, ಅದಕ್ಕೆ ಗಡಸು ಬೇಕು. ಗಂಟಿಗೆ ಬಡಿದಾಗ ಮುಕ್ಕಾಗಬಾರದು, ಅದಕ್ಕೆ ಪೆಟ್ಟನ್ನು ನುಂಗಿಕೊಳ್ಳುವ ಜಿಗುಟು ಬೇಕು. ಉಕ್ಕಿನಲ್ಲಿ ಒಂದನ್ನು ಹೆಚ್ಚಿಸಿದರೆ ಸಾಮಾನ್ಯವಾಗಿ ಇನ್ನೊಂದು ಇಳಿಯುತ್ತದೆ. ಕಡಿಯುವ ಕತ್ತಿಗೆ ರಾಕ್‌ವೆಲ್ ಅಳತೆಯಲ್ಲಿ 50ರಿಂದ 55ರ ಗಡಸು ಹೊಂದುತ್ತದೆ. ತರಕಾರಿ ಹೆಚ್ಚುವ ಒಳ್ಳೆಯ ಚಾಕು ಇದಕ್ಕಿಂತ ಗಡಸಾಗಿರುತ್ತದೆ. ಅದನ್ನು ಹಿಡಿದು ಸೌದೆ ಕಡಿದರೆ ಆ ಗಡಸೇ ಅದಕ್ಕೆ ಶತ್ರು.

ಗಡಸು, ಜಿಗುಟು ಎಷ್ಟೆಷ್ಟು ಎಂಬುದನ್ನು ತೀರ್ಮಾನಿಸುವುದು ಎರಡು ಸಂಗತಿ. ಮೊದಲನೆಯದು ಉಕ್ಕಿನೊಳಗಿನ ಇಂಗಾಲ. ಶೇ. 0.25ಕ್ಕಿಂತ ಕಡಿಮೆ ಇಂಗಾಲವಿರುವ ಮೈಲ್ಡ್ ಸ್ಟೀಲ್ ಅನ್ನು ಎಷ್ಟು ಕಾಯಿಸಿ ಅದ್ದಿದರೂ ಬಾಯಿಗೆ ಬೇಕಾದಷ್ಟು ಗಡಸಾಗದು. ಮನೆ ಕಟ್ಟಿ ಉಳಿದ ಸರಳು, ಗೇಟಿನ ಪಟ್ಟಿ ಇವೆಲ್ಲ ಈ ಜಾತಿ. ಶೇ. 0.5ರಿಂದ 0.75ರವರೆಗೆ ಇಂಗಾಲವಿದ್ದರೆ ಕತ್ತಿಗೆ ಹೇಳಿಮಾಡಿಸಿದ್ದು. ಜೀಪು, ಲಾರಿಗಳ ಕಮಾನು ಪಟ್ಟಿಗೆ ನಮ್ಮ ಕುಲುಮೆಗಳಲ್ಲಿ ಅಷ್ಟು ಬೆಲೆ ಇರುವುದು ಇದರಿಂದಲೇ. ಆ ಪಟ್ಟಿಗಳಿಗೆ ಬಳಸುವ ಇಎನ್ 45 ಎಂಬ ಉಕ್ಕಿನಲ್ಲಿ ಇಂಗಾಲ ಶೇ. 0.5ರಿಂದ 0.6ರ ಆಸುಪಾಸು, ಜೊತೆಗೆ ಸಿಲಿಕಾನ್ ಇರುತ್ತದೆ. ಬಾಗಿ ಬಾಗಿ ಮತ್ತೆ ನೆಟ್ಟಗಾಗುವ ಗುಣ ಅದಕ್ಕೆ ಅಲ್ಲಿಂದಲೇ ಬಂದಿದ್ದು.

ಎರಡನೆಯದು ಹದ. ಕೆಂಪಗೆ ಕಾಯಿಸಿದ ಅಲಗನ್ನು ತಟ್ಟನೆ ಅದ್ದಿದಾಗ ಉಕ್ಕು ಗಾಜಿನಂತೆ ಸಿಡುಕಾಗುತ್ತದೆ. ಅದನ್ನು ಮತ್ತೆ ಹಿತವಾಗಿ ಕಾಯಿಸಿ ಸಿಡುಕನ್ನು ಇಳಿಸಬೇಕು. ಇದನ್ನು ಕುಲುಮೆಯಲ್ಲಿ ನಿಂತು ನೋಡಬೇಕು. ಆಚಾರ್ರು ಅದ್ದಿ ತೆಗೆದ ಅಲಗಿನ ಕಪ್ಪನ್ನು ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡುತ್ತಾರೆ. ಬೆನ್ನನ್ನು ಕೆಂಡದ ಕಡೆಗೆ ಇಟ್ಟು ಬಾಯಿಯನ್ನು ಮೇಲಕ್ಕೆ ಹಿಡಿಯುತ್ತಾರೆ. ಸ್ವಲ್ಪ ಹೊತ್ತಿಗೆ ಬೆನ್ನಿನಿಂದ ಬಣ್ಣ ಏಳುತ್ತದೆ: ಮೊದಲು ಒಣಹುಲ್ಲಿನ ಹಳದಿ, ಅದರ ಹಿಂದೆಯೇ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಹಳದಿ ಎಂದರೆ ಸುಮಾರು 220 ಡಿಗ್ರಿ ಸೆಲ್ಸಿಯಸ್, ನೇರಳೆ 280ರ ಸುತ್ತ, ನೀಲಿ 300ರ ಹತ್ತಿರ. ಬಣ್ಣದ ಪಟ್ಟೆ ಮೆಲ್ಲಗೆ ಬಾಯಿಯತ್ತ ಸರಿಯುತ್ತ ಬರುತ್ತದೆ, ನೇರಳೆ ಅಂಚು ಮುಟ್ಟಿದ ಕೂಡಲೇ ಅಲಗು ಕೆಂಡದಿಂದ ಹೊರಗೆ. ಆಲೆಮನೆಯಲ್ಲಿ ಬೆಲ್ಲದ ಪಾಕ ಇಳಿಸುವ ಹಾಗೆ, ಒಂದು ಗಳಿಗೆ ಮುಂಚೆಯಾದರೂ ತಡವಾದರೂ ಕೆಲಸ ಕೆಟ್ಟಿತು. ಹಳದಿಯಲ್ಲೇ ನಿಂತ ಬಾಯಿ ಗಟ್ಟಿ ಮರದಲ್ಲಿ ಮುಕ್ಕಾಗುತ್ತದೆ. ನೀಲಿ ದಾಟಿ ಬೂದು ಬಣ್ಣಕ್ಕೆ ಹೋದದ್ದು ಮಡಚಿಕೊಳ್ಳುತ್ತದೆ. ಬಾಯಿಯನ್ನಷ್ಟೇ ಅದ್ದಿ ಬೆನ್ನನ್ನು ಮೆತ್ತಗೆ ಬಿಡುವ ಪದ್ಧತಿಯೂ ಇದೆ. ಆಗ ಬೆನ್ನು ಪೆಟ್ಟಿನ ಅದುರು ನುಂಗುತ್ತದೆ, ಬಾಯಿ ಹರಿತ ಉಳಿಸಿಕೊಳ್ಳುತ್ತದೆ. ಗಟ್ಟಿ ಮರಕ್ಕೆ ನನ್ನ ಆಯ್ಕೆ ಇಂಥದ್ದೇ.

ಹಳೆಯ ಕತ್ತಿಯ ಬಾಯಿ ಓದಿ

ಬಾಯಿ ಒಂದು ಕಡೆಗೆ ಮಡಚಿ, ಬೆರಳ ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿದೆಯೇ? ಹದ ಮೆತ್ತಗಿದೆ, ಇಲ್ಲವೇ ಬಾಯಿಯನ್ನು ತೀರಾ ತೆಳುವಾಗಿ ಮಸೆಯಲಾಗಿದೆ. ಯಾವುದೆಂದು ತಿಳಿಯಲು ಮಡಚಿದ್ದನ್ನು ಅರದಿಂದ ತೆಗೆದು, ಸ್ವಲ್ಪ ದಪ್ಪ ಓರೆಯಲ್ಲಿ ಮಸೆದು ಮತ್ತೆ ಕಡಿಯಿರಿ. ಮತ್ತೂ ಮಡಚಿದರೆ ಹದದ್ದೇ ದೋಷ.

ಚೂರು ಹಾರಿ ಗರಗಸದ ಹಲ್ಲಿನಂತಾಗಿದ್ದರೆ ಹದ ಗಡಸಾಗಿದೆ. ಆದರೂ ಒಮ್ಮೆಲೇ ಕೈಬಿಡಬೇಡಿ. ಕಾರ್ಖಾನೆಯ ಸಾಣೆಯಲ್ಲಿ ಬಾಯಿಯ ತುದಿಯ ಎಳೆ ಕೆಟ್ಟಿರುವುದುಂಟು. 2ರಿಂದ 3 ಮಿ.ಮೀ. ಹಿಂದಕ್ಕೆ ಮಸೆದರೆ ಒಳಗಿನ ಒಳ್ಳೆಯ ಉಕ್ಕು ಸಿಗಬಹುದು. ಅದೂ ಮುಕ್ಕಾದರೆ ಕುಲುಮೆಗೆ ಕೊಟ್ಟು ಹದ ಇಳಿಸಿಸಿ.

ಬಾಯಿ ಚೆನ್ನಾಗಿಯೇ ಇದ್ದು ಕೈ ಮಾತ್ರ ಮರಗಟ್ಟುತ್ತದೆಯೇ? ಕತ್ತಿ ಹಗುರ, ಅಥವಾ ಭಾರ ಹಿಡಿಯ ಕಡೆಗಿದೆ. ಪ್ರತಿ ಕತ್ತಿಯಲ್ಲೂ ಅಲಗಿನ ತುದಿಯಿಂದ ಸ್ವಲ್ಪ ಹಿಂದೆ ಒಂದು ಜಾಗವಿರುತ್ತದೆ. ಅಲ್ಲಿ ಹೊಡೆದರೆ ಪೆಟ್ಟು ಪೂರ್ತಿ ಮರಕ್ಕೆ ಹೋಗುತ್ತದೆ, ಕೈಗೆ ಅದುರು ಬರುವುದಿಲ್ಲ. ಮೆತ್ತನೆ ಕಟ್ಟಿಗೆಗೆ ಬೇರೆ ಬೇರೆ ಜಾಗದಿಂದ ಹಗುರವಾಗಿ ಹೊಡೆದು ಆ ಜಾಗ ಗುರುತಿಸಿಕೊಳ್ಳಿ.

ಕೊಳ್ಳುವಾಗ ನೋಡಬೇಕಾದ್ದು

1. ಮೊದಲು ಕೆಲಸ ತೀರ್ಮಾನಿಸಿ. ನಿಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಹಳು, ಬಳ್ಳಿ, ಹೆಬ್ಬೆರಳು ದಪ್ಪದ ಕಡ್ಡಿ ಎಂದಾದರೆ 16 ಇಂಚಿನ ತನಕ ಉದ್ದದ, 3 ಮಿ.ಮೀ. ಬೆನ್ನಿನ ಹಗುರ ಕತ್ತಿ ಸಾಕು. ಅಕೇಶಿಯಾ, ಜಾಲಿ, ಕಾಫಿ ತೋಟದ ನೆರಳುಮರದ ಕೊಂಬೆ ಎಂದಾದರೆ ಅಲಗು 10ರಿಂದ 12 ಇಂಚು, ಬೆನ್ನು ಹಿಡಿಯ ಬಳಿ 6ರಿಂದ 8 ಮಿ.ಮೀ. ಇರಲಿ. ಎರಡನ್ನೂ ಒಂದೇ ಕತ್ತಿಯಲ್ಲಿ ಸಾಧಿಸಲು ಹೋದರೆ ಎರಡೂ ಅರೆಬರೆ. ಸಾಧ್ಯವಾದರೆ ಎರಡು ಇಟ್ಟುಕೊಳ್ಳಿ, ಅದರಿಂದ ಎರಡರ ಆಯುಷ್ಯವೂ ಹೆಚ್ಚುತ್ತದೆ.

2. ಬೆನ್ನಿನ ಮೇಲಿಂದ ಒಂದು ಕಣ್ಣು ಮುಚ್ಚಿ ನೋಡಿ. ಹಿಡಿಯ ಹತ್ತಿರ ದಪ್ಪಗಿದ್ದು ತುದಿಗೆ ಹೋಗುತ್ತ ತೆಳುವಾದರೆ ತಟ್ಟಿ ಮಾಡಿದ ಕತ್ತಿ. ಉದ್ದಕ್ಕೂ ಒಂದೇ ದಪ್ಪವಿದ್ದರೆ ಹಾಳೆ ಕತ್ತರಿಸಿ ಮಾಡಿದ್ದು. ಹಾಳೆಯದೆಲ್ಲ ಕೆಟ್ಟದ್ದೇನಲ್ಲ, ಆದರೆ ತೂಕ ಬೇಕಾದ ಕಡೆ ಇರುವುದಿಲ್ಲ. ಅಲಗು ಸೊಟ್ಟಗಿದ್ದರೆ ಅಲ್ಲೇ ಇಟ್ಟುಬನ್ನಿ.

3. ಬಾಯಿಯ ಓರೆ. ಎರಡೂ ಬದಿಯ ಓರೆ ಸೇರಿ ಹಳುವಿಗೆ 30 ಡಿಗ್ರಿ, ಗಟ್ಟಿ ಮರಕ್ಕೆ 40ರಿಂದ 45 ಡಿಗ್ರಿ. ಅಳೆಯುವ ಸಾಧನವೇನೂ ಬೇಡ. ಕಾಗದವನ್ನು ಮೂಲೆಯಿಂದ ಸರಿಯಾಗಿ ಅರ್ಧಕ್ಕೆ ಮಡಚಿದರೆ 45 ಡಿಗ್ರಿ. ಅದರ ಪಕ್ಕದಲ್ಲಿ ಹಿಡಿದು ನೋಡಿದರೆ ಅಂದಾಜು ಸಿಗುತ್ತದೆ. ಓರೆ ಚಪ್ಪಟೆಯಾಗಿರುವುದಕ್ಕಿಂತ ತುಸು ಉಬ್ಬಿದ್ದರೆ ಒಳ್ಳೆಯದು. ಉಬ್ಬಿದ ಬಾಯಿಯ ಹಿಂದೆ ಹೆಚ್ಚು ಉಕ್ಕಿನ ಆಸರೆ ಇರುತ್ತದೆ, ಕಡಿದ ಗಾಯದಲ್ಲಿ ಕತ್ತಿ ಕಚ್ಚಿಕೊಳ್ಳುವುದೂ ಕಡಿಮೆ.

4. ಅರ ಎಳೆದು ನೋಡಿ. ಅಂಗಡಿಯವರ ಒಪ್ಪಿಗೆ ಪಡೆದು, ಹಿಡಿಯ ಹತ್ತಿರದ ಬಾಯಿಯ ಮೇಲೆ ಸಣ್ಣ ಅರವನ್ನು ಹಗುರವಾಗಿ ಎಳೆಯಿರಿ. ಜಾರಿಹೋದರೆ ತೀರಾ ಗಡಸು. ಮೇಣದಂತೆ ಕೊರೆದರೆ ಹದವೇ ಇಲ್ಲ. ಕಷ್ಟಪಟ್ಟು ಕಚ್ಚಿ, ಸಣ್ಣ ಪುಡಿ ಉದುರಿದರೆ ಸರಿಯಾದ ಹದ. ತೋಟದಲ್ಲಿ ನೀವೇ ಅರ ಹಾಕಿ ಹರಿತ ಮಾಡಿಕೊಳ್ಳುವುದಕ್ಕೂ ಇಂಥ ಹದವೇ ಬೇಕು.

5. ತುದಿಯ ಕೊಕ್ಕು. ಮಲೆನಾಡು, ಕರಾವಳಿಯ ಕತ್ತಿಗಳ ತುದಿ ಮುಂದಕ್ಕೆ ಬಾಗಿರುತ್ತದೆ. ಕಡಿದ ಮುಳ್ಳುಕೊಂಬೆಯನ್ನು ಕೈ ತಾಗಿಸದೆ ಎಳೆಯಲು, ಬಳ್ಳಿಯನ್ನು ಸೆಳೆದು ಕೊಯ್ಯಲು ಅದು ಬೇಕು. ನೆಲಕ್ಕೆ ತಾಗಿದರೂ ಕೊಕ್ಕು ಕಲ್ಲಿಗೆ ಮೊದಲು ಸಿಕ್ಕಿ ಬಾಯಿ ಉಳಿಯುತ್ತದೆ. ಬರೀ ಕೊಂಬೆ ಕಡಿಯುವವರಿಗೆ ಕೊಕ್ಕು ಅನಗತ್ಯ, ಅಗಲ ತುದಿಯೇ ಮೇಲು.

6. ಹಿಡಿ. ಇಲ್ಲಿ ಅವಸರ ಬೇಡ. ಕತ್ತಿಗಳು ಸಾಯುವುದು ಬಹುಪಾಲು ಹಿಡಿಯಲ್ಲೇ. ಅಲಗಿನ ಬಾಲ ಹಿಡಿಯೊಳಗೆ ಎಷ್ಟು ದೂರ ಹೋಗಿದೆ ಕೇಳಿ. ಎರಡು ಇಂಚಿಗೇ ನಿಂತಿದ್ದರೆ ಗಟ್ಟಿ ಮರಕ್ಕೆ ಅದು ಉಳಿಯದು. ಹಿಡಿಯ ಆಚೆ ತುದಿಯಿಂದ ಹೊರಬಂದು ಮಡಚಿ ಬಡಿದಿರಬೇಕು, ಅಥವಾ ಎರಡು ಪಕ್ಕೆಗಳ ನಡುವೆ ಪೂರ್ತಿ ಬಾಲ ಇದ್ದು ರಿವೆಟ್ ಹೊಡೆದಿರಬೇಕು. ಮುಂದೆ ಕಬ್ಬಿಣದ ಬಳೆ ಇರಲೇಬೇಕು, ಇಲ್ಲದಿದ್ದರೆ ಮರ ಸೀಳುತ್ತದೆ. ಹಿಡಿ ಉರುಟಾಗಿರಬಾರದು, ಮೊಟ್ಟೆಯಾಕಾರವಿರಬೇಕು. ಆಗ ಕಣ್ಣು ಕಟ್ಟಿದರೂ ಬಾಯಿ ಯಾವ ಕಡೆಗಿದೆ ಎಂದು ಅಂಗೈಗೆ ಗೊತ್ತಾಗುತ್ತದೆ. ಬೆವರಿದ ಕೈಯಲ್ಲಿ ತಿರುಗುವುದಿಲ್ಲ. ಮುಷ್ಟಿ ಹಿಡಿದಾಗ ಹೆಬ್ಬೆರಳು ನಡುಬೆರಳ ಉಗುರಿಗೆ ತಾಗಬೇಕು. ಮರದ ವಿಚಾರಕ್ಕೆ ಬಂದರೆ ದಡಸಲಿಗೆ ಸಾಟಿಯಿಲ್ಲ, ಪೆಟ್ಟಿಗೆ ಬಾಗುತ್ತದೆ ಹೊರತು ಮುರಿಯುವುದಿಲ್ಲ. ಅದು ಸಿಗದಿದ್ದರೆ ಹುಣಸೆ, ಜಾಲಿ. ಎಳೆ ಉದ್ದಕ್ಕೆ ಓಡಿರಬೇಕು, ಅಡ್ಡ ಎಳೆಯ ಹಿಡಿ ಬೇಡ.

7. ತೂಕ. ಹಳುವಿನ ಕತ್ತಿ ಅರ್ಧ ಕಿಲೋ ಸುತ್ತ, ಮರದ್ದು 700ರಿಂದ 900 ಗ್ರಾಂ. ಅಂಗಡಿಯಲ್ಲಿ ಒಂದು ಸಲ ಬೀಸಿ ನೋಡಿದರೆ ಎಲ್ಲವೂ ಹಗುರ. ತೋಳು ಚಾಚಿ ಒಂದು ನಿಮಿಷ ಹಿಡಿದು ನಿಲ್ಲಿ. ಮಣಿಕಟ್ಟು ನಡುಗಿದರೆ ಅದು ನಿಮಗಲ್ಲ.

ಕುಲುಮೆಯಲ್ಲಿ ಮಾಡಿಸುವುದಾದರೆ

ಸಾಧ್ಯವಿದ್ದವರು ಇದನ್ನೇ ಮಾಡಿ ಎಂದು ಒತ್ತಿ ಹೇಳುತ್ತೇನೆ. ಅಂಗಡಿಯ ಕತ್ತಿ ಯಾರದೋ ಕೈಗೆ ಮಾಡಿದ್ದು; ಕುಲುಮೆಯದು ನಿಮ್ಮ ಕೈಗೆ, ನಿಮ್ಮ ಮರಕ್ಕೆ. ಕೆಲಸವಿಲ್ಲದೆ ಊರಿನ ಕುಲುಮೆಗಳು ಒಂದೊಂದಾಗಿ ಮುಚ್ಚುತ್ತಿವೆ, ಹದದ ಅರಿವೂ ಅವುಗಳ ಜೊತೆಗೇ ಹೋಗುತ್ತಿದೆ. ಅದು ದೊಡ್ಡ ನಷ್ಟ.

ಹೋದವರು “ಒಂದು ಒಳ್ಳೆ ಕತ್ತಿ ಮಾಡಿಕೊಡಿ” ಎಂದಷ್ಟೇ ಹೇಳಿ ಬಂದುಬಿಡುತ್ತೇವೆ. ಒಳ್ಳೆಯದು ಎಂದರೆ ಏನೆಂದು ಅವರಿಗೆ ಹೇಗೆ ತಿಳಿಯಬೇಕು? ಹಳೆಯ ಕತ್ತಿಯನ್ನೂ ಕಡಿಯುವ ಕೊಂಬೆಯ ಒಂದು ತುಂಡನ್ನೂ ಒಯ್ಯಿರಿ. “ಆಚಾರ್ರೇ, ಬೇಲಿ ಅಕೇಶಿಯಾ ಕಡಿಯೋದಕ್ಕೆ. ಇದರ ಬಾಯಿ ಮುಕ್ಕಾಗ್ತಿದೆ, ಹದ ಸ್ವಲ್ಪ ಇಳಿಸಿ ಕೊಡಿ” ಎಂದರೆ ಅರ್ಧ ಕೆಲಸ ಆದಂತೆ. “ಎಡಗೈಯೋ ಬಲಗೈಯೋ?” ಎಂದು ಅವರೇ ಕೇಳಿದರೆ ಸರಿಯಾದ ಕಡೆ ಬಂದಿದ್ದೀರಿ ಎಂದುಕೊಳ್ಳಿ, ಒಂದೇ ಬದಿಗೆ ಓರೆ ಇರುವ ಕತ್ತಿಯಲ್ಲಿ ಕೈ ಬದಲಾದರೆ ಓರೆಯೂ ಬದಲಾಗಬೇಕು.

ಪಟ್ಟಿಯನ್ನು ನೀವೇ ಒಯ್ಯುವುದಾದರೆ ಮುರಿದ ಜಾಗದ ಹತ್ತಿರದ ತುಂಡು ಬೇಡ. ವರ್ಷಗಟ್ಟಲೆ ಭಾರ ಹೊತ್ತ ಕಮಾನಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಅವು ಕತ್ತಿಯಲ್ಲಿ ಮತ್ತೆ ಬಾಯಿ ಬಿಡುತ್ತವೆ. ಪಟ್ಟಿಯ ಉಕ್ಕಿನ ಬಗ್ಗೆ ಅನುಮಾನವಿದ್ದರೆ ಸಾಣೆಚಕ್ರಕ್ಕೆ ತಾಗಿಸಿ ಕಿಡಿ ನೋಡಿ. ಇಂಗಾಲ ಹೆಚ್ಚಿದ್ದರೆ ಕಿಡಿ ಕವಲೊಡೆದು ನಕ್ಷತ್ರದಂತೆ ಸಿಡಿಯುತ್ತದೆ. ಮೈಲ್ಡ್ ಸ್ಟೀಲ್ ಆದರೆ ಉದ್ದ ಗೆರೆಯಾಗಿ ಹಾರಿ ಆರುತ್ತದೆ. ಅದ್ದುವುದು ನೀರಿನಲ್ಲೋ ಎಣ್ಣೆಯಲ್ಲೋ ಎಂದು ಕೇಳಿ. ಕಮಾನಿನ ಉಕ್ಕಿಗೆ ಎಣ್ಣೆಯೇ ಹಿತ; ನೀರಿನಲ್ಲಿ ಬಿರುಕು ಬಿಡುವ ಅಪಾಯ ಹೆಚ್ಚು.

ಸಾಮಾನ್ಯ ತಪ್ಪುಗಳು

ಅಯಸ್ಕಾಂತ ಹಿಡಿದರೆ ಒಳ್ಳೆಯ ಉಕ್ಕು ಎಂಬ ನಂಬಿಕೆ. ಗೇಟಿನ ಪಟ್ಟಿಗೂ ಅಯಸ್ಕಾಂತ ಹಿಡಿಯುತ್ತದೆ.

ಹೊಳೆಯುವ ಸ್ಟೇನ್‌ಲೆಸ್ ಅಲಗಿಗೆ ಮರುಳಾಗುವುದು. ತುಕ್ಕು ಹಿಡಿಯದು ಎಂಬುದೊಂದೇ ಅದರ ಲಾಭ. ಅಗ್ಗದವು ಗಟ್ಟಿ ಮರಕ್ಕೆ ಬರುವುದಿಲ್ಲ, ಊರಿನ ಕುಲುಮೆಯಲ್ಲಿ ಅವುಗಳ ಹದ ಸರಿಪಡಿಸಲೂ ಆಗದು.

ಕರೆಂಟಿನ ಸಾಣೆಯಲ್ಲಿ ಮಸೆಸುವುದು. ಹೆಚ್ಚು ಕತ್ತಿಗಳ ಬಾಯಿ ಕೆಡಿಸಿರುವುದು ಇದೇ. ಕ್ಷಣಮಾತ್ರದಲ್ಲಿ ಬಾಯಿ ನೀಲಿಗಟ್ಟುತ್ತದೆ. ಆ ನೀಲಿ ಬಂದಷ್ಟು ಜಾಗದಲ್ಲಿ ಹದ ಇಳಿದುಹೋಯಿತು, ಮಸೆದಷ್ಟೂ ಮಡಚುತ್ತದೆ. ಅನಿವಾರ್ಯವಾದರೆ ಎರಡು ಸಲ ತಾಗಿಸಿ ಒಂದು ಸಲ ನೀರಿಗೆ ಅದ್ದಿಸಿ, ಬರಿಗೈಯಲ್ಲಿ ಮುಟ್ಟಲಾಗದಷ್ಟು ಬಿಸಿಯಾಗಲು ಬಿಡಬೇಡಿ. ದಿನದ ಕೆಲಸಕ್ಕೆ ಅರ, ಆಮೇಲೆ ನೀರು ಹಾಕಿದ ಮಸೆಗಲ್ಲು ಸಾಕು.

ಕಡಿದ ಗಾಯದಲ್ಲಿ ಕತ್ತಿ ಸಿಕ್ಕಿಕೊಂಡಾಗ ಅಡ್ಡಕ್ಕೆ ತಿರುಚುವುದು. ಎಂಥ ಒಳ್ಳೆಯ ಬಾಯಿಯೂ ಇದಕ್ಕೆ ಮುಕ್ಕಾಗುತ್ತದೆ. ಬೆನ್ನ ಹಾದಿಯಲ್ಲೇ ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿ ಬಿಡಿಸಿ.

ಒಣಮರಕ್ಕೆ ಹೊಡೆಯುವುದು. ಅಕೇಶಿಯಾ, ಜಾಲಿಗಳನ್ನು ಹಸಿಯಿದ್ದಾಗಲೇ ತುಂಡು ಮಾಡಿ. ನೆಟ್ಟಗೆ ಅಡ್ಡಲಾಗಿ ಹೊಡೆಯದೆ 45 ಡಿಗ್ರಿ ಓರೆಯಲ್ಲಿ ಎರಡೂ ಕಡೆಯಿಂದ ಕಡಿದು ಚೆಕ್ಕೆ ಎಬ್ಬಿಸಿ. ಗಂಟಿನ ಮೇಲೆ ಬೇಡ. ಮೂರು ಇಂಚು ದಾಟಿದ್ದಕ್ಕೆ ಕೊಡಲಿ ಅಥವಾ ಗರಗಸ. ಬಿದಿರು ಮೆತ್ತಗೆ ಕಂಡರೂ ಅದರ ಸಿಪ್ಪೆಯಲ್ಲಿ ಸಿಲಿಕಾ ಇರುವುದರಿಂದ ಬಾಯಿ ಬೇಗ ಮೊಂಡಾಗುತ್ತದೆ. ಬಿದಿರು ಕಡಿದ ದಿನ ಸಂಜೆ ತಪ್ಪದೆ ಮಸೆಯಿರಿ.

ಸೌದೆ ಸೀಳುವಾಗ ಕತ್ತಿಯ ಬೆನ್ನಿಗೆ ಸುತ್ತಿಗೆಯಿಂದ ಬಡಿಯುವುದು. ಮರದ ಕೊಡತಿಯಿಂದ ಬಡಿಯಬಹುದು. ಕಬ್ಬಿಣ ಬೇಡವೇ ಬೇಡ. ಬೆನ್ನಿನಿಂದ ಹಾರಿದ ಚೂರು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು.

ಎಚ್ಚರ

ಹರಿತ ಕತ್ತಿಗಿಂತ ಮೊಂಡು ಕತ್ತಿ ಅಪಾಯ. ಅದು ಮರಕ್ಕೆ ಇಳಿಯದೆ ಜಾರಿ ಮೊಣಕಾಲಿಗೆ ಬರುತ್ತದೆ. ಕತ್ತಿ ಬೀಸುವ ದಾರಿಯಲ್ಲಿ ನಿಮ್ಮ ಕಾಲು ಇರದ ಹಾಗೆ ನಿಲ್ಲಿ. ತೋಳು ಮತ್ತು ಕತ್ತಿಯ ಉದ್ದದ ಎರಡು ಪಟ್ಟು ದೂರದೊಳಗೆ ಯಾರೂ ಇರಬಾರದು. ತಲೆಯ ಮೇಲೆ ಬಳ್ಳಿಯಿದ್ದರೆ ಮೊದಲು ಅದನ್ನು ಕೊಯ್ಯಿರಿ, ಬೀಸುವಾಗ ಸಿಕ್ಕಿಕೊಂಡು ದಿಕ್ಕು ತಪ್ಪುತ್ತದೆ. ಗೇರುಮರದ ಸೊನೆ, ಕಳ್ಳಿಯ ಹಾಲು ಹಾರುವ ಕಡೆ ಕಣ್ಣಿಗೆ ಕನ್ನಡಕ ಇರಲಿ. ಬಿಡುವಿನಲ್ಲಿ ಕತ್ತಿಯನ್ನು ನೆಲಕ್ಕೆ ಊರಿಡಬೇಡಿ. ಸೊಂಟದ ಕತ್ತಿಕೊಕ್ಕೆಯಲ್ಲೋ ಒರೆಯಲ್ಲೋ ಇರಲಿ.

1959ರ ಶಸ್ತ್ರಾಸ್ತ್ರ ಕಾಯ್ದೆಯು ಮನೆಬಳಕೆಗೆ, ಕೃಷಿಗೆಂದೇ ಮಾಡಿದ ಸಲಕರಣೆಗಳನ್ನು ಆಯುಧದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಹಾಗಿದ್ದರೂ ಬಸ್ಸಿನಲ್ಲಿ, ಪೇಟೆಯಲ್ಲಿ ಬರಿಯ ಅಲಗು ಹಿಡಿದು ಓಡಾಡಬೇಡಿ. ಗೋಣಿತಾಟಿನಲ್ಲಿ ಸುತ್ತಿ ಕಟ್ಟಿ ತನ್ನಿ, ಅಂಗಡಿಯ ರಸೀದಿ ಜೊತೆಗಿರಲಿ.

ಕೆಲಸ ಮುಗಿದ ಮೇಲೆ

ಹಲಸಿನ ಮೇಣ, ಅಕೇಶಿಯಾ ಸೊನೆ ಒಣಗುವ ಮೊದಲು ಒರೆಸಿ. ಮೇಣಕ್ಕೆ ತೆಂಗಿನೆಣ್ಣೆ ಅಥವಾ ಸೀಮೆಎಣ್ಣೆ ಸವರಿ ಬಟ್ಟೆಯಿಂದ ಉಜ್ಜಿದರೆ ಬಿಡುತ್ತದೆ. ಅಲಗು ಕಪ್ಪಗಾದರೆ ಚಿಂತೆ ಬೇಡ, ಅದು ಮರದ ಒಗರಿನ ಕಲೆ. ಕೆಂಪಗಾದರೆ ಮಾತ್ರ ತುಕ್ಕು. ಮಳೆಗಾಲಕ್ಕೆ ಎತ್ತಿಡುವಾಗ ಎಣ್ಣೆ ಹಚ್ಚಿ ಒಲೆಯ ಅಟ್ಟದ ಬಳಿ ತೂಗುಹಾಕಿ. ಚರ್ಮದ ಒರೆಯೊಳಗೆ ಇಡಬೇಡಿ, ಚರ್ಮ ತೇವ ಹಿಡಿದು ಅಲಗನ್ನು ತಿನ್ನುತ್ತದೆ.

ಹಿಡಿ ಸಡಿಲವಾದರೆ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕುವ ಅಭ್ಯಾಸ ಹಲವರದ್ದು. ಮರ ಉಬ್ಬಿ ಎರಡು ದಿನ ಬಿಗಿಯಾಗುತ್ತದೆ, ಬಿಸಿಲಿಗೆ ಒಣಗಿದಾಗ ಮೊದಲಿಗಿಂತ ಸಡಿಲ; ಒಳಗಿನ ಬಾಲವೂ ತುಕ್ಕು ಹಿಡಿಯುತ್ತದೆ. ಹಿಡಿ ಕಳಚಿ, ತೂತಕ್ಕೆ ಅರಗಿನ ಪುಡಿ ತುಂಬಿ, ಬಾಲದ ತುದಿಯನ್ನಷ್ಟೇ ಕಾಯಿಸಿ ಒತ್ತಿ ಕೂರಿಸಿ. ಕಾಯಿಸುವಾಗ ಅಲಗಿಗೆ ಒದ್ದೆ ಬಟ್ಟೆ ಸುತ್ತಿರಬೇಕು, ಇಲ್ಲದಿದ್ದರೆ ಬಿಸಿ ಬಾಯಿಯವರೆಗೆ ಹರಿದು ಹದ ಕೆಡುತ್ತದೆ. ಅರಗು ತಣ್ಣಗಾಗಿ ಗಟ್ಟಿಯಾಗುವ ತನಕ, ಅಂದರೆ ಮಾರನೆಯ ದಿನದವರೆಗೆ, ಆ ಕತ್ತಿಯನ್ನು ಕೆಲಸಕ್ಕೆ ತೆಗೆಯಬೇಡಿ.